ಕೋವಿ ಹೊಡೆದವರ ಎಡಗಿವಿ

ಕೊಡಗಿನ ವಿರಾಜಪೇಟೆ ಸಮೀಪದ, ಕೊಡವ ಕುಲದ ಐನ್‌ಮನೆಯೊಂದರ ಜಗಲಿಯಲ್ಲಿ ಕೂತಿದ್ದೆವು. ಒಳಗೆಲ್ಲೋ ಸ್ಟೀಲ್ ತಟ್ಟೆ ಬಿತ್ತು. ಎಂಬತ್ತರ ಹತ್ತಿರದ ನಿವೃತ್ತ ಸುಬೇದಾರರು ಎರಡೂ ಕಿವಿ ಮುಚ್ಚಿ ಮುಖ ಹಿಂಡಿದರು. ಮರುಕ್ಷಣ ಸೊಸೆ ಬಾಗಿಲಿಗೆ ಬಂದು, "ಮಾವ, ಕಾಫಿಗೆ ಸಕ್ಕರೆ ಹಾಕ್ಲಾ?" ಎಂದದ್ದು ಅವರಿಗೆ ತಿಳಿಯಲಿಲ್ಲ. ಆಕೆ ದನಿ ಏರಿಸಿದರು. "ಕಿರುಚಬೇಡ ಮಗಳೇ, ಕೇಳಿಸ್ತದೆ. ಏನು ಹೇಳ್ತೀ ಅಂತ ಗೊತ್ತಾಗುವುದಿಲ್ಲ" ಎಂದರು ಸುಬೇದಾರರು.

ಮನೆಯವರು ಇದನ್ನು ಮುಪ್ಪಿನ ಹಟ ಎಂದುಕೊಂಡಿದ್ದರು. ಹಟವಲ್ಲ. ಒಳಗಿವಿಯ ಕಾಕ್ಲಿಯದಲ್ಲಿ ಹೊರಸಾಲಿನ ಸುಮಾರು 12,000 ಕೂದಲುಕೋಶಗಳು ಮೆಲುದನಿಯನ್ನು ಹಿಗ್ಗಿಸುತ್ತವೆ. ಒಳಸಾಲಿನ 3,500ರಷ್ಟು ಕೋಶಗಳು ಅದನ್ನು ನರಕ್ಕೆ ಮುಟ್ಟಿಸುತ್ತವೆ. ಗುಂಡಿನ ಸದ್ದಿಗೆ ಹೆಚ್ಚು ಬಲಿಯಾಗುವುದು ಹೊರಸಾಲು. ಆಮೇಲೆ ಮೆಲುದನಿ ಕೇಳದು, ದೊಡ್ಡ ಸದ್ದು ಮಾತ್ರ ಮೊದಲಿನಷ್ಟೇ ಜೋರಾಗಿ ನುಗ್ಗುತ್ತದೆ. ಕೇಳಿಸದ್ದಕ್ಕೂ ಸಹಿಸಲಾಗದ್ದಕ್ಕೂ ನಡುವಿನ ಜಾಗ ಕಿರಿದಾಗುತ್ತದೆ. ವೈದ್ಯರು ಇದನ್ನು ಲೌಡ್‌ನೆಸ್ ರಿಕ್ರೂಟ್‌ಮೆಂಟ್ ಎನ್ನುತ್ತಾರೆ. ಹಾನಿ ಹೆಚ್ಚಾಗಿ 4,000 ಹರ್ಟ್ಸ್ ಆಸುಪಾಸು. ಸ್ವರಗಳ ಬಲ ಅದಕ್ಕಿಂತ ಕೆಳಗಿದೆ, ಸ, ಶ, ಚಗಳ ಗುರುತು ಅದರ ಆಸುಪಾಸಿನಲ್ಲೇ ಇದೆ. ಹಾಗಾಗಿ ಯಾರೋ ಮಾತಾಡಿದ್ದು ಗೊತ್ತು. ಸಾಲವೋ ಕಾಲವೋ ಗೊತ್ತಿಲ್ಲ. ತೋಟದಲ್ಲಿ ಜೀರುಂಡೆ ಕೂಗುತ್ತಿತ್ತು. ಅದು ತಮಗೆ ಕೇಳಿಸದೆ ವರ್ಷಗಳಾದವು ಎಂದರು ಸುಬೇದಾರರು.

ಆಮೇಲೆ ಅವರು ತಮ್ಮ ಶ್ರವಣ ಪರೀಕ್ಷೆಯ ನಕ್ಷೆ, ಆಡಿಯೋಗ್ರಾಂ, ತೆಗೆದು ತೋರಿಸಿದರು. ಅಂದಿನಿಂದ ನನ್ನ ತಲೆಯಲ್ಲಿ ಅದೇ ಚಿತ್ರ. ಎರಡೂ ಕಿವಿಯ ಗೆರೆಗಳು ಮೇಲಿನ ಕಂಪನಾಂಕಗಳಲ್ಲಿ ಕುಸಿದಿದ್ದವು, ಆದರೆ ಎಡಗಿವಿಯದು ಇನ್ನೂ ಆಳ. ಎದ್ದು ನಿಂತು ಊರುಗೋಲನ್ನೇ ಕೋವಿಯಂತೆ ಬಲಭುಜಕ್ಕಿಟ್ಟು ಗುರಿ ಹಿಡಿಯಿರಿ ಎಂದೆ. ಹಿಡಿದರು. ಕೆನ್ನೆ ಹಿಡಿಕೆಗೆ ಒತ್ತಿತು, ಬಲಗಿವಿ ತಲೆಯ ಮರೆಗೆ ಸರಿಯಿತು, ಎಡಗಿವಿ ನೇರ ನಳಿಗೆಯ ಬಾಯಿಯತ್ತ ತಿರುಗಿತು. ಬಲಗೈಯಲ್ಲಿ ಬಂದೂಕು ಹೊಡೆಯುವವರ ಎಡಗಿವಿ ಹೆಚ್ಚು ಕೆಡುವುದು ಲೋಕದಲ್ಲೆಲ್ಲ ಕಂಡ ಸಂಗತಿ. ತಲೆಯೇ ಸದ್ದಿಗೆ ಅಡ್ಡ ನಿಲ್ಲುತ್ತದೆ. ಮುಖ ನೋಡಿದರೆ ಸಾಲದು, ಭುಜ ನೋಡಿದರೆ ಕಿವಿ ಹೇಳಬಹುದು! ಊಟದ ಹೊತ್ತಿಗೂ ನಾವು ಅದನ್ನೇ ಮಾತಾಡುತ್ತಿದ್ದೆವು.

ಕೊಡಗಿನ ಕಿವಿ ಕೆಡಲು ಸೈನ್ಯವೊಂದೇ ಕಾರಣವಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿ, ಸುಗ್ಗಿಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು, ಸಾವಿಗೂ ಗುಂಡು. ಇಲ್ಲಿ ಕೋವಿ ಇಟ್ಟುಕೊಳ್ಳಲು ಕೊಡವರಿಗಿರುವ ಪರವಾನಗಿಯ ವಿನಾಯಿತಿ 1861ರಷ್ಟು ಹಳೆಯದು, 2019ರ ಅಧಿಸೂಚನೆ ಅದನ್ನು 2029ರವರೆಗೆ ಮುಂದುವರಿಸಿದೆ. ಈ ಸಂಪ್ರದಾಯ ನನಗೆ ಪ್ರಿಯ. ಆದರೆ ಒಂದು ಗುಂಡಿನ ಸದ್ದು 140 ಡೆಸಿಬಲ್ ದಾಟುತ್ತದೆ, ನಾನು ಕಂಡ ಸ್ಪರ್ಧೆಗಳಲ್ಲಿ ಯಾರ ಕಿವಿಗೂ ಕಾಪು ಇರಲಿಲ್ಲ. ಹತ್ತಿ ತುರುಕಿದರೆ ಹೆಚ್ಚೇನೂ ಪ್ರಯೋಜನವಿಲ್ಲ.

ಆಡಿಯೋಗ್ರಾಂ ಬರೆಯುವ ಬೀಪ್ ಸದ್ದಿನ ಪರೀಕ್ಷೆಯೊಂದರಿಂದಲೇ ಸುಬೇದಾರರ ಕಷ್ಟ ಪೂರ್ತಿ ಕಾಣದು. ಪದ ಕೇಳಿಸಿ ಮರಳಿ ಹೇಳಿಸಬೇಕು, ಗದ್ದಲದ ನಡುವೆಯೂ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಕನ್ನಡದ ಪದಪಟ್ಟಿಗಳನ್ನು ರೂಪಿಸಿದೆ. ಶ್ರವಣಯಂತ್ರವೂ ಎಲ್ಲವನ್ನೂ ಜೋರು ಮಾಡುವಂಥದ್ದಾಗಬಾರದು. ಮೆಲುದನಿಯನ್ನು ಎತ್ತಿ ದೊಡ್ಡದನ್ನು ತಡೆಯುವಂತೆ ಹೊಂದಿಸಬೇಕು.

ಹೊರಡುವಾಗ ಸುಬೇದಾರರು ಮೊಮ್ಮಗನನ್ನು ಕರೆದರು. ಹುಡುಗ ಎಡಚ, ಎಡಭುಜದಿಂದ ಗುರಿ ಹಿಡಿಯುತ್ತಾನೆ. "ಹಾಗಾದರೆ ಇವನಿಗೆ ಬಲಗಿವಿಯಾ?" ಎಂದು ಕೇಳಿದರು. ಹೌದೆಂದೆ, ಅವರ ಬಲಗಡೆ ನಿಂತು, ನಿಧಾನವಾಗಿ. ಈ ಸಲದ ಕೈಲ್‌ಪೊಳ್ದ್‌ಗೆ ಇಬ್ಬರಿಗೂ ಇಯರ್‌ಮಫ್ ತರಿಸಿ ಎಂದು ಸೊಸೆಗೆ ಹೇಳಿದೆ.