ಮನೆಯು ಮಳಿಗೆಯಾಗುವಾಗ ನೆರೆಯವರ ಮಾತು

ದಿನಪತ್ರಿಕೆಯಲ್ಲಿ ನಾವು ಸಾಮಾನ್ಯವಾಗಿ ಓದದೆ ಮಗುಚಿಬಿಡತಕ್ಕ ಒಂದು ಪುಟವುಂಟು. ಕಳೆದುಹೋದ ಕಾಗದಪತ್ರಗಳು, ಹೆಸರಿನ ಬದಲಾವಣೆ, ಹರಾಜು, ಟೆಂಡರು ಇವುಗಳ ನಡುವೆ ಅತಿ ಸಣ್ಣ ಅಕ್ಷರಗಳಲ್ಲಿ ಸರ್ಕಾರದ ಪ್ರಕಟಣೆಗಳು ಮುದ್ರಿತವಾಗುವ ಪುಟವದು. ಇಂತಹ ಬಡಾವಣೆಯ ಇಂತಹ ಅಡ್ಡರಸ್ತೆಯಲ್ಲಿರುವ ಇಷ್ಟನೆಯ ನಂಬರಿನ ನಿವೇಶನದ ಉಪಯೋಗವನ್ನು ವಸತಿಯಿಂದ ವಾಣಿಜ್ಯಕ್ಕೆ ಬದಲಾಯಿಸಬೇಕೆಂದು ಕೋರಿಕೆ ಬಂದಿರುವುದು. ಆಕ್ಷೇಪಣೆ ಅಥವಾ ಸಲಹೆಯುಳ್ಳವರು ಹದಿನೈದು ದಿನಗಳೊಳಗಾಗಿ ಲಿಖಿತ ಮೂಲಕ ತಿಳಿಸತಕ್ಕದ್ದು ಎಂಬ ನಾಲ್ಕಾರು ಪಂಕ್ತಿಗಳು ಅಲ್ಲಿ ಆಗಾಗ್ಗೆ ಕಾಣಿಸಿಕೊಳ್ಳುವುವು. ಆ ನಿವೇಶನವು ನಮ್ಮ ಮನೆಯ ಪಕ್ಕದ್ದೇ ಆಗಿದ್ದರೂ ನಮಗೆ ಅದು ಕಣ್ಣಿಗೆ ಬೀಳುವುದಿಲ್ಲ. ಆರು ತಿಂಗಳ ತರುವಾಯ ಗೋಡೆ ಒಡೆಯುವ ಸದ್ದು ಕೇಳಿದಾಗ ನಾವು ಬೀದಿಗೆ ಬಂದು ನಿಲ್ಲುವೆವು. ಅಷ್ಟರಲ್ಲಿ ಮಾತಾಡುವ ಕಾಲವು ಮುಗಿದಿರುತ್ತದೆ.

ಉದಾಹರಣೆಗಾಗಿ ಒಂದು ಬೀದಿಯನ್ನು ಕಲ್ಪಿಸಿಕೊಳ್ಳೋಣ. ಮೂವತ್ತು ಅಡಿಯ ರಸ್ತೆ, ಎರಡು ಕಡೆಗೂ ಸೇರಿ ಹದಿನಾಲ್ಕು ಮನೆ. ಮೂಲೆಯ ಮನೆಯಲ್ಲಿ ವೃದ್ಧೆಯೊಬ್ಬರು ಒಂಟಿಯಾಗಿದ್ದಾರೆ, ಮಕ್ಕಳು ಹೊರದೇಶದಲ್ಲಿ. ಸಂಸಾರವಂದಿಗರಿಗೆ ಬಾಡಿಗೆಗೆ ಕೊಟ್ಟರೆ ಬರುವ ಹಣಕ್ಕಿಂತ ಹಲವು ಪಾಲು ಹೆಚ್ಚಾಗಿ ಕೊಡುತ್ತೇವೆಂದು ಉಪಾಹಾರಗೃಹದವರು ಬಂದು ಕೇಳಿದ್ದಾರೆ. ಆಕೆ ಒಪ್ಪಿದರೆ ತಪ್ಪೇನು? ಮನೆ ಆಕೆಯದು, ಔಷಧದ ಖರ್ಚು ಆಕೆಯದು. ಉಳಿದ ಹದಿಮೂರು ಮನೆಯವರು ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವನ್ನು ಮೊದಲು ತಮ್ಮೊಳಗೆ ಹುಡುಕಿಕೊಳ್ಳಬೇಕು. ಏಕೆಂದರೆ ನೆರೆಯವರ ಆಕ್ಷೇಪಣೆಗಳಲ್ಲಿ ನ್ಯಾಯವಾದವು ಕೆಲವು, ಕೇವಲ ಅಸಹನೆಯಿಂದ ಹುಟ್ಟಿದವು ಕೆಲವು. ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಿದರೆ ಓದತಕ್ಕ ಅಧಿಕಾರಿಯು ಎರಡನ್ನೂ ಬದಿಗಿಡುವನು.

ಮನೆಯೂ ಅಂಗಡಿಯೂ ಒಂದೆಡೆ ಇರಬಾರದೆಂಬುದು ನಮ್ಮ ದೇಶದ ಹಳೆಯ ನಿಯಮವೇನೂ ಅಲ್ಲ. ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆ, ನಗರ್ತಪೇಟೆಗಳಲ್ಲಿ ಕೆಳಗೆ ಅಂಗಡಿಯನ್ನಿಟ್ಟು ಮೇಲೆ ಸಂಸಾರ ನಡೆಸಿದವರು ತಲೆತಲಾಂತರದಿಂದ ಇದ್ದರು. ವಸತಿಗೆಂದೇ ಪ್ರತ್ಯೇಕವಾದ ಬಡಾವಣೆಗಳು ಪ್ರಬಲವಾದುದು ಅನಂತರ. ೧೮೯೮ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು; ಪೇಟೆಯ ಒತ್ತೊತ್ತಾದ ಕೇರಿಗಳಲ್ಲಿ ಜನರು ಸತ್ತರು, ಊರು ಬಿಟ್ಟರು. ಮಲ್ಲೇಶ್ವರ ಬಸವನಗುಡಿಗಳು ಬೆಳೆದುದು ಆ ಸಂಕಟದ ಹಿನ್ನೆಲೆಯಲ್ಲಿ. ನೇರವಾದ ಬೀದಿ, ಮನೆಯ ಸುತ್ತ ತೆರವು, ಗಾಳಿ ಬೆಳಕು, ಹಿಂಬದಿಯಲ್ಲಿ ನೈರ್ಮಲ್ಯಕ್ಕಾಗಿ ಓಣಿ ಇವೆಲ್ಲವೂ ಆಗ ಅಲಂಕಾರವಾಗಿರಲಿಲ್ಲ, ಪ್ರಾಣರಕ್ಷಣೆಯ ಉಪಾಯಗಳಾಗಿದ್ದುವು. ಹಾಗೆಂದು ಆ ಬಡಾವಣೆಗಳಲ್ಲಿ ಅಂಗಡಿಗಳಿರಲಿಲ್ಲವೆ? ಇದ್ದುವು, ಗಾಂಧಿಬಜಾರೇ ಇದಕ್ಕೆ ಸಾಕ್ಷಿ. ೧೯೪೮ರಲ್ಲಿ ಶಂಕುಸ್ಥಾಪನೆಯಾದ ಜಯನಗರದಲ್ಲಿಯೂ ನಾಲ್ಕನೆಯ ಬ್ಲಾಕಿನಲ್ಲಿ ವ್ಯಾಪಾರಕ್ಕಾಗಿಯೇ ದೊಡ್ಡ ಸಂಕೀರ್ಣವೊಂದಾಯಿತು. ಕೊಳ್ಳುವವನಿಗೆ ನಡೆದುಹೋಗುವಷ್ಟು ಹತ್ತಿರ, ಮಲಗುವವನಿಗೆ ನಿದ್ರೆ ಬರುವಷ್ಟು ದೂರ ಎಂಬುದು ಅದರ ಮರ್ಮ.

ಆದುದರಿಂದ ನೆರೆಯವರ ಕಳವಳವು ವ್ಯಾಪಾರದ ಮೇಲಿನ ದ್ವೇಷವಾಗಿರಬೇಕಾಗಿಲ್ಲ. ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವವರಿರಲಿ, ಹಪ್ಪಳ ಮಾಡಿ ಮಾರುವ ಗೃಹಿಣಿಯಿರಲಿ, ಸಂಜೆ ಎಂಟು ಮಕ್ಕಳಿಗೆ ಪಾಠ ಹೇಳುವವರಿರಲಿ, ಮುಂದಿನ ಕೋಣೆಯಲ್ಲಿ ರೋಗಿಗಳನ್ನು ನೋಡುವ ವೈದ್ಯರಿರಲಿ, ಇವರಿಂದ ಬೀದಿಗೆ ಉಪಕಾರವೇ ಹೊರತು ಅಪಕಾರವಿಲ್ಲ. ಇವರು ರಾತ್ರಿ ಅಲ್ಲಿಯೇ ಮಲಗುವರು. ಬೀದಿಯ ಸುಖದುಃಖವು ಇವರದೂ ಹೌದು. ಸಂಸಾರವು ಹೊರಟುಹೋಗಿ ವ್ಯವಹಾರವು ಮಾತ್ರ ಉಳಿದಾಗ ಸ್ಥಿತಿಯೇ ಬೇರೆಯಾಗುತ್ತದೆ.

ಹೇಗೆಂದರೆ, ಆ ಬೀದಿಯ ಕೆಳಗಿರುವ ಒಳಚರಂಡಿಯ ಕೊಳವೆಯನ್ನು ಹದಿನಾಲ್ಕು ಸಂಸಾರಗಳ ನೀರಿಗೆಂದು ಹಾಕಿದ್ದಾರೆ. ಉಪಾಹಾರಗೃಹದ ಪಾತ್ರೆ ತೊಳೆದ ಜಿಡ್ಡು ಅದರಲ್ಲಿ ಹರಿದು ಹೆಪ್ಪುಗಟ್ಟಿದರೆ ಉಕ್ಕುವುದು ತಗ್ಗಿನಲ್ಲಿರುವ ಮನೆಯವರ ಬಚ್ಚಲಿನಲ್ಲಿ, ಉಪಾಹಾರಗೃಹದಲ್ಲಲ್ಲ. ಮೂವತ್ತು ಅಡಿಯ ರಸ್ತೆಯಲ್ಲಿ ಎರಡು ಪಕ್ಕವೂ ಕಾರುಗಳು ನಿಂತರೆ ನಡುವೆ ಉಳಿಯುವ ದಾರಿಯಲ್ಲಿ ಅಗ್ನಿಶಾಮಕದ ವಾಹನವು ಸಲೀಸಾಗಿ ನುಗ್ಗಲಾರದು. ಬೆಳಗಿನ ಜಾವ ಹಾಲು ತರಕಾರಿಗಳ ಗಾಡಿ, ರಾತ್ರಿ ಕಸದ ಗಾಡಿ, ವಿದ್ಯುತ್ತು ಹೋದಾಗ ಜನರೇಟರು. ಕೋಣೆಯ ಕಿಟಕಿಗೆ ಎದುರಾಗಿ ಹೊಗೆಯ ಕೊಳವೆ. ಸಂಜೆ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳನ್ನು ತಾಯಂದಿರು ಒಳಕ್ಕೆ ಕರೆದುಕೊಳ್ಳುವರು. ಇದನ್ನು ಯಾವ ಇಲಾಖೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಶಬ್ದದ ವಿಷಯದಲ್ಲಿ ಒಂದು ಲೆಕ್ಕವನ್ನು ವಾಚಕರು ತಿಳಿದಿರುವುದು ಒಳ್ಳೆಯದು. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ ೫೫, ರಾತ್ರಿಗೆ ೪೫ ಡೆಸಿಬೆಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ ಹಗಲಿಗೆ ೬೫, ರಾತ್ರಿಗೆ ೫೫. ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಗ್ಗೆ ಆರರವರೆಗೆ. ಹತ್ತೇ ಅಂಕಗಳ ಅಂತರವೆಂದು ತೋರಬಹುದು. ಆದರೆ ಈ ಮಾನದಲ್ಲಿ ಹತ್ತು ಹೆಚ್ಚಿದರೆ ಧ್ವನಿಯ ಶಕ್ತಿಯು ಹತ್ತು ಪಟ್ಟು ಹೆಚ್ಚಿದಂತೆ! ಒಂದು ಮನೆಯ ಉಪಯೋಗವು ಬದಲಾದ ಮಾತ್ರಕ್ಕೆ ಬೀದಿಯೆಲ್ಲವೂ ವಾಣಿಜ್ಯ ಪ್ರದೇಶವಾಗಿಬಿಡುವುದಿಲ್ಲ, ಸರಿ. ಆದರೆ ಮೊದಲನೆಯ ಮನೆಯ ಸದ್ದಿಗೆ ಬೇಸತ್ತು ಎರಡನೆಯ ಮನೆಯವರು ಮಾರಿ ಹೋಗುವರು, ಕೊಳ್ಳುವವನು ಸಂಸಾರವಂದಿಗನಾಗಿರುವುದಿಲ್ಲ, ಮೂರನೆಯವನು ತನ್ನ ಕೋರಿಕೆಗೆ ಮೊದಲಿನ ಎರಡನ್ನೇ ಆಧಾರವಾಗಿ ತೋರಿಸುವನು. ಬೆಂಗಳೂರಿನ ಇಂದಿರಾನಗರ, ಕೋರಮಂಗಲಗಳ ಹಲವು ಬೀದಿಗಳು ಹೀಗೆಯೇ ಒಂದೊಂದು ಮನೆಯಾಗಿ ಬದಲಾದುವು.

ಇಲ್ಲಿ ಹಳೆಯ ಗ್ರಂಥವೊಂದರ ಮಾತನ್ನು ನೆನೆಯುವುದು ಅಪ್ರಸ್ತುತವಾಗಲಾರದು. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿದ್ದ ತಾಳೆಯೋಲೆಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಮನೆ ಹೊಲಗಳ ವ್ಯಾಜ್ಯಗಳ ವಿಚಾರವಿದೆ. ನೆರೆಮನೆಯ ಗೋಡೆಗೆ ಬಿಡಬೇಕಾದ ಅಂತರ, ಬಚ್ಚಲ ನೀರಿನ ದಾರಿ, ಇವನ್ನು ಮೀರಿದವನಿಗೆ ದಂಡ ಇವೆಲ್ಲವೂ ಅಲ್ಲಿ ಉಕ್ತವಾಗಿವೆ. ಅಂತಹ ವಿವಾದಗಳಿಗೆ ನೆರೆಯವರ ಮಾತೇ ಪ್ರಮಾಣ. ಮನೆಯನ್ನು ಮಾರುವವನು ಮನೆಯ ಮುಂದೆಯೇ, ನಲವತ್ತು ನೆರೆ ಕುಟುಂಬದವರಿಗೆ ಕೇಳಿಸುವಂತೆ ಸಾರಬೇಕೆಂದೂ ವಿಧಿಯಿದೆ. ನೆರೆಯವನೆಂಬ ಅರ್ಥದಲ್ಲಿ ಅಲ್ಲಿ ಬರುವ ಶಬ್ದವು ‘ಸಾಮಂತ’. ಕನ್ನಡದಲ್ಲಿ ನಾವು ಅಡಿಯಾಳಾದ ಅರಸನನ್ನು ಮಾತ್ರ ಸಾಮಂತನೆನ್ನುವೆವು. ಮೂಲದಲ್ಲಿ ಅವನು ಎಲ್ಲೆಗೆ ಎಲ್ಲೆ ಹೊಂದಿದವನು, ಅಷ್ಟೆ. ನಲವತ್ತು ಮನೆಗೆ ಕೇಳುವಂತೆ ಸಾರುವುದೆಲ್ಲಿ, ಪತ್ರಿಕೆಯ ಒಳಪುಟದ ನಾಲ್ಕು ಪಂಕ್ತಿಯೆಲ್ಲಿ!

ಆದರೂ ಇಂದಿನ ಶಾಸನವು ನೆರೆಯವರನ್ನು ಮರೆತಿದೆಯೆಂದು ಹೇಳಲಾಗದು. ೧೯೬೧ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ೧೪-ಎ ಪ್ರಕರಣವು ಭೂಮಿಯ ಉಪಯೋಗದ ಬದಲಾವಣೆಯನ್ನು ಕುರಿತದ್ದು. ಬದಲಾವಣೆಯು ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು. ಅಧಿನಿಯಮಕ್ಕೂ ಇತರ ಕಾನೂನುಗಳಿಗೂ ವಿರುದ್ಧವಾಗಿರಬಾರದು. ಆ ಪ್ರದೇಶದಲ್ಲಿ ಪ್ರಸಾರವುಳ್ಳ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಹದಿನೈದು ದಿನಗಳಿಗೆ ಕಡಮೆಯಿಲ್ಲದ ಅವಧಿಯನ್ನು ಕೊಟ್ಟು ಆಕ್ಷೇಪಣೆ ಸಲಹೆಗಳನ್ನು ಕರೆಯಬೇಕು. ಮೂರರಲ್ಲಿ ಮೊದಲನೆಯದನ್ನು ಗಮನಿಸಿರಿ. ಒಡೆಯನ ಲಾಭವು ಕಾರಣವಾಗಲಾರದು. ಸಾರ್ವಜನಿಕ ಹಿತವನ್ನು ತೋರಿಸತಕ್ಕದ್ದು ಬದಲಾವಣೆಯನ್ನು ಬಯಸುವವನ ಹೊಣೆ.

ಬೆಂಗಳೂರಿನ ನಿವಾಸಿಗಳು ಇಂತಹ ವಿಷಯಗಳನ್ನು ದಿಲ್ಲಿಯವರೆಗೂ ಕೊಂಡೊಯ್ದುದುಂಟು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಸ್ಯಾಂಕಿ ಕೆರೆಯ ಬಳಿ ಉದ್ಯಾನಕ್ಕೆಂದು ಬಿಟ್ಟಿದ್ದ ಬಯಲನ್ನು ಖಾಸಗಿ ಶುಶ್ರೂಷಾಲಯಕ್ಕೆ ಕೊಡಲಾಯಿತು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆಸ್ಪತ್ರೆಯೂ ಜನರ ಉಪಯೋಗಕ್ಕಲ್ಲವೆ, ನಿಮಗೇನು ನಷ್ಟ ಎಂಬ ವಾದವು ಸಹಜವಾಗಿಯೇ ಬಂದಿತು. ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಂಚಿಕೆಯನ್ನು ಒಪ್ಪಲಿಲ್ಲ. ಬಡಾವಣೆಯ ನಿವಾಸಿಗಳಿಗೆ ಪ್ರಶ್ನಿಸುವ ಅಧಿಕಾರವುಂಟೆಂದು ಹೇಳಿತು. ಅಲ್ಲಿ ಇದ್ದುದು ಮನೆಯಲ್ಲ, ಉದ್ಯಾನ. ಆದರೂ ನೆರೆಯವನು ಕೇವಲ ನೋಡುವವನಲ್ಲವೆಂಬ ತತ್ತ್ವವು ಎರಡಕ್ಕೂ ಒಂದೆ. ಯೋಜನೆಯ ನಕ್ಷೆಯನ್ನು ನಂಬಿ ಆತನು ತನ್ನ ಉಳಿತಾಯವನ್ನೆಲ್ಲ ಹಾಕಿ ಮನೆ ಕಟ್ಟಿರುತ್ತಾನೆ. ಅದು ಒಂದು ವಾಗ್ದಾನವಿದ್ದಂತೆ.

ಮಾತಾಡದೆ ಕುಳಿತರೆ ಏನಾಗುವುದೆಂಬುದಕ್ಕೆ ದಿಲ್ಲಿಯೇ ದೃಷ್ಟಾಂತ. ಅಲ್ಲಿ ವಸತಿಯ ಬೀದಿಗಳಲ್ಲಿ ಅನುಮತಿಯಿಲ್ಲದ ಅಂಗಡಿಗಳು ದಶಕಗಳ ಕಾಲ ಬೆಳೆದುವು. ೨೦೦೬ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ಬೀಗಮುದ್ರೆ ಹಾಕಲಾರಂಭಿಸಿದರು. ಆ ವೇಳೆಗೆ ಅಸಂಖ್ಯ ಜನರ ಜೀವನವು ಆ ಅಂಗಡಿಗಳಿಗೆ ಜೋತುಬಿದ್ದಿತ್ತು. ಬಂದ್‌ಗಳಾದುವು, ಬೀದಿಗಳಲ್ಲಿ ಕೋಲಾಹಲವಾಯಿತು. ಕಡೆಗೆ ೨೦೦೭ರ ಮಹಾಯೋಜನೆಯಲ್ಲಿ ಮಿಶ್ರ ಉಪಯೋಗಕ್ಕೆ ವಿಸ್ತಾರವಾಗಿ ಎಡೆಕೊಡಬೇಕಾಯಿತು. ಶಾಂತಿಯನ್ನು ಕಳೆದುಕೊಂಡ ನಿವಾಸಿಗೂ ಅಂಗಡಿಯನ್ನು ಕಳೆದುಕೊಂಡ ವರ್ತಕನಿಗೂ ಅಲ್ಲಿ ಅನ್ಯಾಯವಾದುದು ಸಕಾಲದಲ್ಲಿ ಯಾರೂ ಬೇಡವೆನ್ನದೆ ಇದ್ದುದರಿಂದ.

ಇನ್ನು ಆಕ್ಷೇಪಣೆಯನ್ನು ಬರೆಯುವ ಬಗೆ. ಮಕ್ಕಳ ಪ್ರಬಂಧಗಳನ್ನು ತಿದ್ದುತ್ತ ವಯಸ್ಸು ಕಳೆದ ನನಗೆ ವಿಶೇಷಣಗಳನ್ನು ಕಂಡರೆ ಕೆಂಪು ಶಾಯಿಯ ನೆನಪಾಗುತ್ತದೆ. ‘ಘೋರ ಅನ್ಯಾಯ’, ‘ನಮ್ಮ ಪವಿತ್ರ ಬಡಾವಣೆ’, ‘ಕಂಡಕಂಡವರು ಬರುವರು’ ಎಂಬ ಮಾತುಗಳಿಂದ ಒಂದು ಕವಡೆಯಷ್ಟು ಪ್ರಯೋಜನವಿಲ್ಲ. ಕಡೆಯ ಮಾತಂತೂ ಸಜ್ಜನರು ಬರೆಯತಕ್ಕದ್ದಲ್ಲ. ರಸ್ತೆಯನ್ನು ಹಗ್ಗದಿಂದ ಅಳೆದು ಅಗಲವನ್ನು ಬರೆಯಿರಿ. ಬೆಳಗ್ಗೆ ಸಂಜೆ ಎಷ್ಟು ವಾಹನಗಳು ನಿಲ್ಲುವುವೆಂದು ಒಂದು ವಾರ ಎಣಿಸಿ ಬರೆಯಿರಿ. ಚರಂಡಿಯು ಕಳೆದ ವರ್ಷ ಎಷ್ಟು ಸಲ ಕಟ್ಟಿತು, ದೂರಿನ ಸಂಖ್ಯೆಯೇನು, ಬೀದಿಯಲ್ಲಿ ವೃದ್ಧರೆಷ್ಟು, ಶಾಲೆಯಿದ್ದರೆ ಎಷ್ಟು ದೂರ, ಸಮೀಪದಲ್ಲಿ ವ್ಯಾಪಾರಕ್ಕೆಂದು ಈಗಾಗಲೇ ಗೊತ್ತುಮಾಡಿದ ಸ್ಥಳವೆಲ್ಲಿದೆ ಇವನ್ನು ತಿಳಿಸಿರಿ. ಹದಿಮೂರು ಮನೆಯವರು ಒಂದೇ ಕಾಗದಕ್ಕೆ ಸಹಿ ಹಾಕುವುದಕ್ಕಿಂತ ಪ್ರತಿಯೊಬ್ಬರೂ ತಮ್ಮ ಮನೆಗೆ ಆಗುವ ತೊಂದರೆಯನ್ನು ತಾವೇ ಬರೆಯುವುದು ಲೇಸು.

ಇದಕ್ಕೂ ಮೊದಲು ಆ ವೃದ್ಧೆಯ ಮನೆಗೆ ಇಬ್ಬರು ಹೋಗಿ ಕುಳಿತು ಮಾತಾಡಬೇಕು. ಆಕೆಗೆ ಬೇಕಾದುದು ಉಪಾಹಾರಗೃಹವಲ್ಲ, ತಿಂಗಳ ಹಣ. ಅದೇ ಮನೆಯನ್ನು ಎರಡು ಭಾಗ ಮಾಡಿ ಎರಡು ಸಂಸಾರಗಳಿಗೆ ಕೊಡಬಹುದು. ಹಗಲು ಮಾತ್ರ ನಡೆಯುವ ಲೆಕ್ಕಪತ್ರದ ಕಚೇರಿಗೆ, ನಿಯಮವು ಒಪ್ಪುವಷ್ಟು ಭಾಗವನ್ನು ಕೊಡಬಹುದು. ಬಾಡಿಗೆದಾರರನ್ನು ಹುಡುಕಿಕೊಡುವ ಶ್ರಮವನ್ನು ನೆರೆಯವರೇ ವಹಿಸಿಕೊಂಡರೆ ಆಕೆಯು ಕೋರಿಕೆಯನ್ನು ಹಿಂತೆಗೆದುಕೊಂಡರೂ ಆಶ್ಚರ್ಯವಿಲ್ಲ. ಆಕೆ ಒಪ್ಪದಿದ್ದರೆ, ಪ್ರಕಟಣೆಯಲ್ಲಿ ಆಕ್ಷೇಪಣೆಯೊಡನೆ ‘ಸಲಹೆ’ ಎಂಬ ಶಬ್ದವೂ ಇರುವುದನ್ನು ಮರೆಯಬಾರದು: ಬದಲಾವಣೆಗೆ ಅನುಮತಿ ಕೊಡುವುದೇ ಆದರೆ ವಾಹನಗಳು ನಿವೇಶನದೊಳಗೇ ನಿಲ್ಲಲಿ, ರಾತ್ರಿ ಹತ್ತರ ಮೇಲೆ ಬಾಗಿಲು ಮುಚ್ಚಲಿ, ಹೊಗೆಯ ಕೊಳವೆ ಚಾವಣಿಯ ಮೇಲಕ್ಕೆ ಹೋಗಲಿ, ಜಿಡ್ಡು ಚರಂಡಿಗೆ ಸೇರದಂತೆ ತಡೆ ಇರಲಿ ಎಂದು ಷರತ್ತುಗಳನ್ನು ಸೂಚಿಸಬಹುದು. ಕಾಗದವನ್ನು ಅವಧಿಯ ಕಡೆಯ ದಿನದವರೆಗೆ ಇಟ್ಟುಕೊಳ್ಳದೆ ಯೋಜನಾ ಪ್ರಾಧಿಕಾರದ ಕಚೇರಿಗೆ ಕೈಯಾರೆ ಒಯ್ದು ಕೊಟ್ಟು, ತಾರೀಖಿನ ಮುದ್ರೆ ಬಿದ್ದ ಪ್ರತಿಯೊಂದನ್ನು ಪ್ರಕಟಣೆಯ ತುಣುಕಿನೊಡನೆ ಮನೆಯ ಪತ್ರಗಳ ಕಟ್ಟಿನಲ್ಲಿ ಇಟ್ಟುಕೊಳ್ಳತಕ್ಕದ್ದು.