ಚಲಚ್ಚಿತ್ರಪ್ರೇಕ್ಷಕರ ರುಚಿಭೇದವಿಚಾರ

ಲೋಕದಲ್ಲಿ ರುಚಿಯು ಭಿನ್ನವಾದುದೆಂಬುದು ಎಲ್ಲರೂ ಬಲ್ಲ ಸಂಗತಿ. ಊಟದಲ್ಲಿ ಒಬ್ಬನಿಗೆ ಖಾರವೂ ಮತ್ತೊಬ್ಬನಿಗೆ ಸಿಹಿಯೂ ಪ್ರಿಯವಾದರೆ ಅದಕ್ಕಾಗಿ ಯಾರೂ ವಾದಕ್ಕೆ ಇಳಿಯುವುದಿಲ್ಲ. ಆದರೆ ಚಲಚ್ಚಿತ್ರಗಳ ವಿಷಯದಲ್ಲಿ ಈ ಔದಾರ್ಯವು ಕಾಣಬರುವುದಿಲ್ಲ. ಬೆಂಗಳೂರಿನ ಪಶ್ಚಿಮಭಾಗದಲ್ಲಿರುವ ಅನ್ನಪೂರ್ಣೇಶ್ವರಿ ನಗರ, ನಾಗರಭಾವಿ, ವಿಜಯನಗರ ಮೊದಲಾದ ಬಡಾವಣೆಗಳಲ್ಲಿ ಒಂದೇ ಮನೆಯ ಅಣ್ಣನು ಹೊಡೆದಾಟದ ಚಿತ್ರಕ್ಕೂ ತಂಗಿಯು ನಗೆಯಿಂದ ಕೂಡಿದ ಪ್ರೇಮಕಥೆಗೂ ಹೊರಡುವುದುಂಟು. ಮಾಗಡಿ ರಸ್ತೆಯ ಪ್ರಸನ್ನ, ವೀರೇಶ್ ಚಿತ್ರಮಂದಿರಗಳೂ ರಾಜಾಜಿನಗರದ ನವರಂಗ್ ಚಿತ್ರಮಂದಿರವೂ ಈ ಉಭಯವರ್ಗದವರನ್ನೂ ಕಂಡಿರುವುವು. ಹೊರಡುವುದರಲ್ಲಿ ದೋಷವಿಲ್ಲ, ಹಿಂದಿರುಗಿದ ಬಳಿಕ ಒಬ್ಬರು ಮತ್ತೊಬ್ಬರ ರುಚಿಯನ್ನು ಹೀಗಳೆಯುವುದರಲ್ಲಿ ದೋಷವಿದೆ. ಹೊಡೆದಾಟದ ಚಿತ್ರವನ್ನು ‘ಮಾಸ್’ ಎಂದೂ ನಯವಾದ ಚಿತ್ರವನ್ನು ‘ಕ್ಲಾಸ್’ ಎಂದೂ ಕರೆಯುವ ರೂಢಿಯು ಬೆಳೆದಿದೆ. ಈ ಹೆಸರುಗಳು ಚಿತ್ರಗಳನ್ನು ವಿಂಗಡಿಸುವಂತೆ ತೋರಿದರೂ ವಾಸ್ತವವಾಗಿ ನೋಡುವ ಜನರನ್ನು ಮೇಲು ಕೀಳೆಂದು ವಿಂಗಡಿಸುವುವು. ಆದುದರಿಂದ ಈ ರುಚಿಭೇದಕ್ಕೆ ಕಾರಣವೇನು, ಅದರಲ್ಲಿ ತಾರತಮ್ಯಕ್ಕೆ ಅವಕಾಶವುಂಟೆ, ದೋಷವಿದ್ದರೆ ಅದು ಎಲ್ಲಿದೆ ಎಂಬೀ ಮೂರು ಅಂಶಗಳು ವಿಚಾರಾರ್ಹವಾಗಿವೆ.

ಮೊದಲು ಲಕ್ಷಣವನ್ನು ನೋಡತಕ್ಕದ್ದು. ಹೊಡೆದಾಟದ ಚಿತ್ರದಲ್ಲಿ ಪ್ರಧಾನವಾದುದು ವೀರರಸ. ಅದರ ಸ್ಥಾಯಿಭಾವವು ಉತ್ಸಾಹ. ನಗೆಯ ಪ್ರೇಮಕಥೆಯಲ್ಲಿ ಪ್ರಧಾನವಾದುದು ಶೃಂಗಾರ. ಅದರ ಸ್ಥಾಯಿಭಾವವು ರತಿ. ಭರತನು ನಾಟ್ಯಶಾಸ್ತ್ರದಲ್ಲಿ ಶೃಂಗಾರ, ರೌದ್ರ, ವೀರ, ಬೀಭತ್ಸಗಳೆಂಬ ನಾಲ್ಕನ್ನು ಮೂಲರಸಗಳೆಂದು ಹೇಳಿ, ಶೃಂಗಾರದಿಂದ ಹಾಸ್ಯವೂ, ರೌದ್ರದಿಂದ ಕರುಣವೂ, ವೀರದಿಂದ ಅದ್ಭುತವೂ, ಬೀಭತ್ಸದಿಂದ ಭಯಾನಕವೂ ಹುಟ್ಟುವುವೆಂದು ನಿರೂಪಿಸಿದ್ದಾನೆ. ಇದರಿಂದ ಒಂದು ವಿಷಯವು ಸ್ಪಷ್ಟವಾಗುವುದು. ಪ್ರೇಮದೊಡನೆ ನಗೆಯು ಸೇರುವುದೂ, ಪರಾಕ್ರಮದೊಡನೆ ಬೆರಗು ಸೇರುವುದೂ ಈಚಿನ ಚಿತ್ರೋದ್ಯಮಿಗಳು ಕಂಡುಹಿಡಿದ ಬೆರಕೆಗಳಲ್ಲ. ಜನ್ಯಜನಕಸಂಬಂಧವುಳ್ಳ ರಸಗಳು ಸಹಜವಾಗಿ ಕೂಡಿಕೊಂಡಿರುವ ಎರಡು ಜೋಡಿಗಳು. ರೂಪಕಭೇದಗಳಲ್ಲಿಯೂ ಈ ವಿಭಾಗವು ಕಾಣುವುದು. ಡಿಮವೆಂಬ ರೂಪಕಕ್ಕೆ ಶೃಂಗಾರಹಾಸ್ಯಗಳು ಸಲ್ಲವೆಂದೂ, ಉಳಿದ ಆರು ರಸಗಳು ಸಲ್ಲುವುವೆಂದೂ ವಿಧಿಯಿದೆ. ಕಾಳಗಕ್ಕೆ ಎಡೆಯುಳ್ಳ ವ್ಯಾಯೋಗವೂ ಕೋಮಲವಾದ ಕೈಶಿಕೀವೃತ್ತಿಯನ್ನು ಬಿಟ್ಟುದು. ಆದುದರಿಂದ ಹಾಡು, ಪ್ರೇಮ, ನಗೆ ಇವೊಂದೂ ಬೇಡ, ಹೊಡೆದಾಟವೇ ಬೇಕೆನ್ನುವ ಪ್ರೇಕ್ಷಕನು ಅಪೂರ್ವವಾದುದನ್ನೇನೂ ಕೇಳುತ್ತಿಲ್ಲ. ಡಿಮವ್ಯಾಯೋಗಗಳ ಸಭಿಕನು ಕೇಳಿದುದನ್ನೇ ಕೇಳುತ್ತಿದ್ದಾನೆ.

ಇನ್ನು ರುಚಿಭೇದದ ಕಾರಣ. ನಾಟ್ಯಶಾಸ್ತ್ರದ ಸಿದ್ಧಿಪ್ರಕರಣದಲ್ಲಿ ಪ್ರೇಕ್ಷಕರ ಸ್ವಭಾವವನ್ನು ಹೇಳುವ ಭಾಗವೊಂದಿದೆ. ತರುಣರಿಗೆ ಕಾಮವಿಷಯದಲ್ಲಿಯೂ, ಶೂರರಿಗೆ ವೀರರೌದ್ರಗಳಲ್ಲಿಯೂ ಯುದ್ಧಗಳಲ್ಲಿಯೂ, ವೃದ್ಧರಿಗೆ ಧರ್ಮಕಥೆಗಳಲ್ಲಿಯೂ ಪುರಾಣಗಳಲ್ಲಿಯೂ ಸಂತೋಷವುಂಟಾಗುವುದೆಂದು ಅಲ್ಲಿ ಹೇಳಿದೆ. ಬಾಲರನ್ನೂ ಸ್ತ್ರೀಯರನ್ನೂ ಮೂರ್ಖರನ್ನೂ ಒಟ್ಟಿಗೆ ಸೇರಿಸಿ ಅವರಿಗೆ ಹಾಸ್ಯವೂ ವೇಷಾಲಂಕಾರವೂ ಪ್ರಿಯವೆಂದಿರುವುದನ್ನು ಈಗಿನವರು ಒಪ್ಪಲಾರರು, ಒಪ್ಪಬೇಕಾದುದೂ ಇಲ್ಲ. ಆದರೆ ಆ ಭಾಗದ ಮೂಲತತ್ತ್ವವು ಗ್ರಾಹ್ಯವಾದುದು. ಪ್ರೇಕ್ಷಕನ ವಯಸ್ಸು, ಅವಸ್ಥೆ, ಶೀಲ ಇವುಗಳಿಗೆ ತಕ್ಕಂತೆ ಅವನ ಮನಸ್ಸಿನಲ್ಲಿ ಯಾವ ವಾಸನೆಯು ಪ್ರಬಲವಾಗಿರುವುದೋ ಆ ರಸವೇ ಅವನಿಗೆ ಬೇಗನೆ ಆಸ್ವಾದ್ಯವಾಗುವುದೆಂಬುದೇ ಆ ತತ್ತ್ವ. ಕಾಳಿದಾಸನೂ ಮಾಲವಿಕಾಗ್ನಿಮಿತ್ರದ ಮೊದಲನೆಯ ಅಂಕದಲ್ಲಿ ನಾಟ್ಯಾಚಾರ್ಯನಾದ ಗಣದಾಸನ ಬಾಯಿಂದ, ಬೇರೆ ಬೇರೆ ರುಚಿಯುಳ್ಳ ಜನರೆಲ್ಲರನ್ನೂ ಒಟ್ಟಿಗೆ ತಣಿಸುವುದು ನಾಟ್ಯವೊಂದೇ ಎಂಬ ಅಭಿಪ್ರಾಯವನ್ನು ಹೇಳಿಸಿದ್ದಾನೆ. ರುಚಿಭೇದವನ್ನು ರೋಗವೆಂದು ಭಾವಿಸದೆ ನಾಟ್ಯಕ್ಕೆ ಆಧಾರಭೂತವಾದುದೆಂದು ಅವರು ಭಾವಿಸಿದರೆಂಬುದು ಗಮನಾರ್ಹ.

ಕನ್ನಡ ಚಲಚ್ಚಿತ್ರಗಳ ಚರಿತ್ರೆಯೂ ಇದನ್ನೇ ಸಮರ್ಥಿಸುವುದು. ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನ’ವು ೧೯೩೪ನೆಯ ಮಾರ್ಚಿ ೩ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತು. ಅದರ ಕಥಾನಾಯಕನು ಇಂದ್ರಜಿತು. ಕಥಾನಾಯಿಕೆಯು ಅವನಲ್ಲಿಯೇ ಪ್ರಾಣವನ್ನಿಟ್ಟ ಸುಲೋಚನೆ. ಲಂಕೆಯ ಯುದ್ಧವೂ ದಂಪತಿಗಳ ಪ್ರೇಮವೂ ಒಂದೇ ಕಥೆಯಲ್ಲಿದ್ದುವು. ಅದಕ್ಕೂ ಮೊದಲು ವೃತ್ತಿನಾಟಕಮಂಡಲಿಗಳು ಇದೇ ಮಾರ್ಗದಲ್ಲಿ ನಡೆದಿದ್ದುವು. ‘ಸದಾರಮೆ’ಯಲ್ಲಿ ಕಳ್ಳನ ಪಾತ್ರದಿಂದ ಜನರನ್ನು ನಗಿಸಿ ಹೆಸರಾದ ಗುಬ್ಬಿ ವೀರಣ್ಣನವರೇ ‘ಕುರುಕ್ಷೇತ್ರ’ಕ್ಕಾಗಿ ಆನೆಕುದುರೆಗಳನ್ನು ರಂಗದ ಮೇಲೆ ತಂದರು.

ಮುಂದೆ ದೊರೆ–ಭಗವಾನ್ ಎಂಬ ಜೋಡಿ ನಿರ್ದೇಶಕರು ೧೯೬೮ರಲ್ಲಿ ‘ಜೇಡರ ಬಲೆ’ಯೆಂಬ ಪತ್ತೇದಾರಿ ಸಾಹಸಚಿತ್ರದಲ್ಲಿ ರಾಜಕುಮಾರರನ್ನು ಸಿ.ಐ.ಡಿ. ೯೯೯ ಆಗಿ ತೋರಿಸಿದರು. ಅದೇ ನಿರ್ದೇಶಕರು ಅದೇ ನಟರಿಂದ ೧೯೭೪ರಲ್ಲಿ ‘ಎರಡು ಕನಸು’ ಎಂಬ ಪ್ರೇಮಕಥೆಯನ್ನು ತೆಗೆದರು. ೧೯೯೫ರಲ್ಲಿ ಉಪೇಂದ್ರರು ನಿರ್ದೇಶಿಸಿದ ‘ಓಂ’ ಚಿತ್ರದಲ್ಲಿ ಮಚ್ಚು ಹಿಡಿದ ಶಿವರಾಜಕುಮಾರರೇ ಮರುವರ್ಷ ‘ಜನುಮದ ಜೋಡಿ’ಯಲ್ಲಿ ಹಳ್ಳಿಯ ಪ್ರೇಮಿಯಾಗಿ ಜನರ ಮನಸ್ಸನ್ನು ಸೂರೆಗೊಂಡರು. ‘ಓಂ’ ಚಿತ್ರದಲ್ಲಿಯೂ ಪುರೋಹಿತನ ಮಗನು ರೌಡಿಯಾಗುವುದಕ್ಕೆ ಮೂಲವು ಪ್ರೇಮವೇ. ನಾಗ್ ಸಹೋದರರ ಉದಾಹರಣೆಯು ಇದಕ್ಕಿಂತಲೂ ಸ್ವಾರಸ್ಯವಾದುದು. ‘ಆಟೋ ರಾಜ’ (೧೯೮೦) ಮೊದಲಾದ ಚಿತ್ರಗಳಿಂದ ಶಂಕರನಾಗರು ಆಟೋ ಚಾಲಕರ ಆರಾಧ್ಯನಟರಾದರು. ೧೯೯೦ರಲ್ಲಿ ಅವರು ತೀರಿಕೊಂಡ ಮೇಲೆಯೂ ಅವರ ಭಾವಚಿತ್ರವು ಆಟೋಗಳ ಮೇಲಿಂದ ಮಾಸಲಿಲ್ಲ. ಅವರ ಅಣ್ಣ ಅನಂತನಾಗರಾದರೋ ‘ಗಣೇಶನ ಮದುವೆ’ (೧೯೯೦), ‘ಗೌರಿ ಗಣೇಶ’ (೧೯೯೧) ಮೊದಲಾದ ಫಣಿ ರಾಮಚಂದ್ರರ ಚಿತ್ರಗಳಿಂದ ನಗೆಯ ಕಥೆಗಳಿಗೆ ಹೆಸರಾದರು. ಎರಡು ರುಚಿಗಳಿಗೂ ಒಂದೇ ಮನೆಯಿಂದ ಪೋಷಣೆಯು ದೊರೆತಂತಾಯಿತು.

ಈಚಿನ ನಿದರ್ಶನವೊಂದನ್ನೂ ಹೇಳಬಹುದು. ೨೦೦೬ರ ಡಿಸೆಂಬರಿನ ಕೊನೆಯಲ್ಲಿ ಯೋಗರಾಜ ಭಟ್ಟರ ‘ಮುಂಗಾರು ಮಳೆ’ಯೂ, ಎರಡು ತಿಂಗಳೊಳಗೆ, ೨೦೦೭ರ ಫೆಬ್ರವರಿಯಲ್ಲಿ, ಸೂರಿಯವರ ‘ದುನಿಯಾ’ವೂ ತೆರೆಕಂಡುವು. ಮೊದಲನೆಯದು ಗಣೇಶರ ನಗೆಮಾತಿನ ಪ್ರೇಮಕಥೆ. ಎರಡನೆಯದು ವಿಜಯರ ಒರಟು ಹೊಡೆದಾಟದ ಕಥೆ. ಒಂದರ ಜಯವು ಮತ್ತೊಂದನ್ನು ಕೆಡಿಸಲಿಲ್ಲ. ಹದಿನೇಳು ವರ್ಷಗಳು ಕಳೆದ ಮೇಲೆ, ೨೦೨೪ರ ಆಗಸ್ಟ್ ೯ರಂದು ವಿಜಯರ ‘ಭೀಮ’ವೂ ಅದೇ ತಿಂಗಳು ೧೫ರಂದು ಗಣೇಶರ ‘ಕೃಷ್ಣಂ ಪ್ರಣಯ ಸಖಿ’ಯೂ ಬಂದುವು. ಆಗಲೂ ಎರಡಕ್ಕೂ ಜನರು ಸೇರಿದರು. ಎರಡು ರುಚಿಗಳೂ ಒಂದನ್ನೊಂದು ನುಂಗುವ ವೈರಿಗಳಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಿಲ್ಲ.

ಇಲ್ಲಿ ಪೂರ್ವಪಕ್ಷಿಯು ಹೀಗೆ ಆಕ್ಷೇಪಿಸಬಹುದು: ‘ಹೊಡೆದಾಟದ ಚಿತ್ರದಲ್ಲಿ ಒಬ್ಬನು ನೂರು ಮಂದಿಯನ್ನು ಕೆಡಹುವನು. ಇದು ಅಸಂಭಾವ್ಯವಾದುದು, ಅಸಂಭಾವ್ಯವಾದುದರಲ್ಲಿ ರಮಿಸುವವನು ಅವಿವೇಕಿಯೇ ಸರಿ. ಪ್ರೇಮಕಥೆಯಾದರೋ ಲೋಕದಲ್ಲಿ ನಡೆಯತಕ್ಕದ್ದು. ಆದುದರಿಂದ ಎರಡನೆಯದೇ ಮೇಲು.’ ಇದಕ್ಕೆ ಸಮಾಧಾನವು ಅಭಿನವಗುಪ್ತಪಾದರ ಗ್ರಂಥದಲ್ಲಿಯೇ ದೊರೆಯುವುದು. ರಸಾಸ್ವಾದಕ್ಕೆ ಏಳು ವಿಘ್ನಗಳಿರುವುವೆಂದು ಹೇಳುತ್ತ ಅವರು ಸಂಭಾವನಾವಿರಹವನ್ನು, ಎಂದರೆ ‘ಇದು ನಡೆಯಲಾರದು’ ಎಂಬ ಬುದ್ಧಿಯನ್ನು, ಮೊದಲು ಎಣಿಸಿದ್ದಾರೆ. ಅಲೌಕಿಕವಾದ ಕಾರ್ಯವನ್ನು ತೋರಿಸುವಾಗ ಪ್ರಖ್ಯಾತನಾದ ನಾಯಕನನ್ನು ಆರಿಸುವುದೇ ಇದಕ್ಕೆ ಪರಿಹಾರ. ರಾಮನು ಸಮುದ್ರಕ್ಕೆ ಸೇತುವನ್ನು ಕಟ್ಟಿಸಿದನೆಂದರೆ ಯಾರೂ ಶಂಕಿಸುವುದಿಲ್ಲ. ಏಕೆಂದರೆ ರಾಮನ ಪ್ರಸಿದ್ಧಿಯು ಆ ನಂಬಿಕೆಯನ್ನು ಮೊದಲೇ ಬಿತ್ತಿರುವುದು.

ಹೊಡೆದಾಟದ ಚಿತ್ರದಲ್ಲಿ ಈ ಕೆಲಸವನ್ನು ಮಾಡುವುದು ನಟನ ಪ್ರಸಿದ್ಧಿ. ಹಿಂದಿನ ಚಿತ್ರಗಳಲ್ಲಿ ಅವನು ಗೆದ್ದುದನ್ನು ಕಂಡಿರುವ ಅಭಿಮಾನಿಗೆ ಈ ಚಿತ್ರದ ಗೆಲವು ಅಸಂಭಾವ್ಯವೆಂದು ತೋರುವುದಿಲ್ಲ. ಸಾಹಸಚಿತ್ರಗಳಿಗೆ ಹೆಸರುವಾಸಿಯಾದ ನಟನು ಬೇಕಾಗುವುದಕ್ಕೂ, ನಟರಿಗೆ ‘ಸಾಹಸಸಿಂಹ’ ಮೊದಲಾದ ಬಿರುದುಗಳು ಅಂಟಿಕೊಳ್ಳುವುದಕ್ಕೂ ಇದೇ ಕಾರಣ. ಸಾಮಾನ್ಯರ ಬಾಳಿನಲ್ಲಿ ನಡೆಯಬಹುದಾದ ಪ್ರೇಮಕಥೆಗೆ ಈ ಪ್ರಸಿದ್ಧಿಯ ಬೆಂಬಲವು ಅಷ್ಟಾಗಿ ಬೇಡ. ಹೊಸಬರಿಂದಲೂ ಅದು ಸಾಧ್ಯವಾಗುವುದು. ‘ದುನಿಯಾ’ದ ನಾಯಕನು ಹೊಸಬನಾಗಿದ್ದರೂ ಗೆದ್ದನಲ್ಲ ಎಂದರೆ, ಅಲ್ಲಿಯ ನಾಯಕನು ಕಲ್ಲು ಒಡೆಯುವ ಬಡವನು, ಅವನ ಹೊಡೆದಾಟವು ಅವನ ಮೈಬಲಕ್ಕೆ ತಕ್ಕದ್ದು ಎಂದು ಸಮಾಧಾನ. ಹೀಗೆ ಸಾಹಸಚಿತ್ರದ ಪ್ರೇಕ್ಷಕನು ಅವಿವೇಕಿಯಲ್ಲ. ಪ್ರಖ್ಯಾತನಾಯಕನ ನಿಯಮವನ್ನು ತನ್ನ ರೀತಿಯಲ್ಲಿ ಪಾಲಿಸುತ್ತಿರುವವನು.

ಮತ್ತೊಬ್ಬ ಪೂರ್ವಪಕ್ಷಿಯು ‘ನಗೆಯ ಪ್ರೇಮಕಥೆಯು ಹಗುರವಾದುದು, ಅದರಲ್ಲಿ ಸಾರವಿಲ್ಲ’ ಎನ್ನಬಹುದು. ಇದೂ ಸರಿಯಲ್ಲ. ‘ಗಣೇಶನ ಮದುವೆ’ಯಲ್ಲಿ ಒಂದೇ ವಠಾರದ ಹುಡುಗನೂ ಹುಡುಗಿಯೂ ದಿನಬೆಳಗಾದರೆ ಜಗಳವಾಡುವರು. ಅವನು ಮನಸೋತಿರುವ ಕಾಣದ ಗಾಯಕಿಯು ಅವಳೇ ಎಂಬುದು ಅವನಿಗೆ ತಿಳಿಯದು, ಪ್ರೇಕ್ಷಕನಿಗೆ ತಿಳಿಯುವುದು. ಈ ಅರಿವಿನ ಅಂತರದಿಂದ ನಗೆಯು ಹುಟ್ಟುವುದು. ಕಣ್ಣೆದುರಿಗೆ ದ್ವೇಷಿಸುವ ಮನುಷ್ಯನಲ್ಲಿಯೇ ನಾವು ಹಂಬಲಿಸುವ ಗುಣಗಳಿರಬಹುದೆಂಬ ವಿವೇಕವು ಆ ನಗೆಯ ಒಳಗಿದೆ. ‘ಮುಂಗಾರು ಮಳೆ’ಯು ಹಾಸ್ಯದಿಂದ ತೊಡಗಿ ವಿಪ್ರಲಂಭದಲ್ಲಿ, ನಾಯಕನ ತ್ಯಾಗದಲ್ಲಿ ಮುಗಿಯುವುದು. ಇಂತಹುದನ್ನು ನಿಸ್ಸಾರವೆನ್ನುವುದು ಹೇಗೆ?

ರುಚಿಯ ಅಭಿವ್ಯಕ್ತಿಯಲ್ಲಿಯೂ ಭೇದವಿದೆ. ಸಾಹಸಚಿತ್ರದಲ್ಲಿ ನಾಯಕನು ಕಾಣಿಸಿಕೊಂಡೊಡನೆ ಶಿಳ್ಳೆ, ಚಪ್ಪಾಳೆ, ಪರದೆಯ ಕಡೆಗೆ ಎರಚಿದ ನಾಣ್ಯ ಮತ್ತು ಕಾಗದದ ಚೂರು. ಹೊರಗೆ ಕಟೌಟಿಗೆ ಹಾರ ಮತ್ತು ಹಾಲಿನ ಅಭಿಷೇಕ. ಸಭ್ಯರು ಇದನ್ನು ಕಂಡು ಮೂಗು ಮುರಿಯುವರು. ಆದರೆ ಭರತನು ಮಾನುಷೀ ಸಿದ್ಧಿಯ ಲಕ್ಷಣಗಳನ್ನು ಹೇಳುವಾಗ, ಮುಗುಳ್ನಗೆ, ಗಟ್ಟಿಯಾದ ನಗೆ, ಸಾಧುವೆಂಬ ಉದ್ಗಾರ, ರೋಮಾಂಚ, ಆಸನದಿಂದ ಮೇಲೇಳುವುದು, ಮೈಮೇಲಿನ ಬಟ್ಟೆಯನ್ನೇ ನಟರಿಗೆ ಕೊಡುವುದು ಇವೆಲ್ಲವನ್ನೂ ಪ್ರಯೋಗವು ಗೆದ್ದುದರ ಗುರುತುಗಳೆಂದು ಎಣಿಸಿದ್ದಾನೆ. ಸದ್ದಾಗಲಿ ಕ್ಷೋಭೆಯಾಗಲಿ ಇಲ್ಲದೆ ರಂಗವು ಕಿಕ್ಕಿರಿದು ತುಂಬಿದ್ದರೆ ಅದು ದೈವೀ ಸಿದ್ಧಿ. ಶಿಳ್ಳೆಯೂ ಸಿದ್ಧಿಯೇ, ಮೌನವೂ ಸಿದ್ಧಿಯೇ. ‘ಮುಂಗಾರು ಮಳೆ’ಯ ಕೊನೆಯಂತಹ ಪ್ರಸಂಗಕ್ಕೆ ಒಪ್ಪುವುದು ಎರಡನೆಯದು; ವೀರನ ಪ್ರವೇಶಕ್ಕೆ ಒಪ್ಪುವುದು ಮೊದಲನೆಯದು.

ಹಾಗಾದರೆ ದೋಷವು ಎಲ್ಲಿದೆ? ರಸವು ಇರತಕ್ಕ ಸ್ಥಾನವನ್ನು ತಪ್ಪಿ ತಿಳಿಯುವುದರಲ್ಲಿದೆ. ೨೦೨೪ರ ಜೂನ್ ತಿಂಗಳಲ್ಲಿ ಕೊಲೆಯ ಪ್ರಕರಣವೊಂದರ ತನಿಖೆಗಾಗಿ ಪ್ರಸಿದ್ಧ ಚಿತ್ರನಟರೊಬ್ಬರನ್ನು ಅನ್ನಪೂರ್ಣೇಶ್ವರಿ ನಗರದ ಪೊಲೀಸ್ ಠಾಣೆಯಲ್ಲಿ ಇರಿಸಿದ್ದರು. ಅಭಿಮಾನಿಗಳು ಠಾಣೆಯ ಬಳಿ ಗುಂಪುಗೂಡಿದರು, ಠಾಣೆಯ ಸುತ್ತ ಶಾಮಿಯಾನದ ಬಟ್ಟೆಯ ಮರೆಯನ್ನು ಕಟ್ಟಬೇಕಾಯಿತು, ನಿಷೇಧಾಜ್ಞೆಯನ್ನೂ ವಿಧಿಸಬೇಕಾಯಿತು. ಆ ಪ್ರಕರಣದ ಗುಣದೋಷನಿರ್ಣಯವು ನ್ಯಾಯಾಲಯಕ್ಕೆ ಸೇರಿದುದು. ಅದು ಇಲ್ಲಿ ಪ್ರಸ್ತುತವಲ್ಲ. ಪ್ರಸ್ತುತವಾದುದು ಅಭಿಮಾನದ ಸ್ವರೂಪ. ತೆರೆಯ ಮೇಲೆ ದೀನರನ್ನು ಕಾಪಾಡಿದವನು ಯಾರು? ಕಥಾನಾಯಕನು. ಠಾಣೆಯ ಒಳಗಿದ್ದವರು ಯಾರು? ಆ ವೇಷವನ್ನು ಧರಿಸಿದ್ದ ನಟರು. ಪಾತ್ರದ ಧರ್ಮವನ್ನು ನಟನಲ್ಲಿ ಆರೋಪಿಸಿ, ವಿಚಾರಣೆಗೆ ಮೊದಲೇ ತೀರ್ಪನ್ನು ಕೊಟ್ಟುಕೊಳ್ಳುವುದು ಅಭಿಮಾನಿಯ ಭ್ರಮೆ. ಪಾತ್ರದ ಕ್ರೌರ್ಯವನ್ನೇ ಸಾಕ್ಷ್ಯವೆಂದು ಭಾವಿಸುವ ವಿರೋಧಿಯ ಭ್ರಮೆಯೂ ಇದಕ್ಕೆ ಸಮಾನವಾದುದೇ. ಒಬ್ಬ ಮನುಷ್ಯನ ಪ್ರಾಣವು ಹೋಗಿರುವ ಸಂದರ್ಭದಲ್ಲಿ ಈ ಭ್ರಮೆಯು ಕೇವಲ ರುಚಿಯ ಮಾತಾಗಿ ಉಳಿಯುವುದಿಲ್ಲ. ನ್ಯಾಯದ ದಾರಿಗೆ ಅಡ್ಡಬರುವುದು.

ಪ್ರಾಚೀನರು ಈ ತೊಡಕನ್ನು ಬಹಳವಾಗಿ ವಿಚಾರಿಸಿದ್ದಾರೆ. ರಸವು ಮುಖ್ಯವಾಗಿ ಪಾತ್ರದಲ್ಲಿದ್ದು ನಟನಲ್ಲಿಯೂ ತೋರುವುದೆಂದು ಭಟ್ಟಲೊಲ್ಲಟನ ಮತ. ನಟನಲ್ಲಿ ಹುಟ್ಟುವ ‘ಇವನೇ ರಾಮನು’ ಎಂಬ ಬುದ್ಧಿಯು ಚಿತ್ರದಲ್ಲಿ ಬರೆದ ಕುದುರೆಯನ್ನು ಕುದುರೆಯೆನ್ನುವಂತಹುದೆಂದು ಶಂಕುಕನು ತಿದ್ದಿದನು. ನಾಯಕನ ಭಾವವು ವ್ಯಕ್ತಿವಿಶೇಷವನ್ನು ಬಿಟ್ಟು ಎಲ್ಲರಿಗೂ ಸಾಧಾರಣವಾದಾಗಲೇ ರಸವು ಆಸ್ವಾದ್ಯವಾಗುವುದೆಂದು ಭಟ್ಟನಾಯಕನೂ, ಆ ರಸವು ಸಹೃದಯನಲ್ಲಿಯೇ ಅಭಿವ್ಯಕ್ತವಾಗುವುದೆಂದು ಅಭಿನವಗುಪ್ತರೂ ನಿರ್ಣಯಿಸಿದರು. ‘ಇದು ನನ್ನದು, ಇದು ಪರರದು’ ಎಂಬ ಕಟ್ಟನ್ನು ಅಭಿನವಗುಪ್ತರು ಎರಡನೆಯ ವಿಘ್ನವೆಂದು ಎಣಿಸಿರುವುದನ್ನು ಇಲ್ಲಿ ನೆನೆಯಬೇಕು. ‘ನಮ್ಮ ನಟ’ ಎಂಬ ಮಮಕಾರವು ಆ ಕಟ್ಟೇ ಆಗಿದೆ. ಅದು ಚಿತ್ರಕ್ಕೆ ಜನರನ್ನು ಕರೆತರಬಹುದು. ಆದರೆ ಬಂದವರಿಗೆ ರಸವನ್ನು ಉಣಿಸಲಾರದು. ಕುದುರೆಯ ಚಿತ್ರವನ್ನು ಮೆಚ್ಚತಕ್ಕದ್ದು. ಅದರ ಮೇಲೇರಿ ಊರಿಗೆ ಹೊರಡತಕ್ಕದ್ದಲ್ಲ.

ಸಾಹಸಚಿತ್ರವು ನಟನ ಪ್ರಸಿದ್ಧಿಯನ್ನು ಹೆಚ್ಚಾಗಿ ಅವಲಂಬಿಸುವುದರಿಂದ ಅದರ ಪ್ರೇಕ್ಷಕನಿಗೆ ಈ ವಿಘ್ನದ ಅಪಾಯವು ಹೆಚ್ಚೆಂಬುದನ್ನು ಮಾತ್ರ ಒಪ್ಪಬೇಕಾಗುವುದು. ಪ್ರೇಮಕಥೆಯ ಪ್ರೇಕ್ಷಕನಿಗೂ ತಕ್ಕ ಅಪಾಯವುಂಟು: ತೆರೆಯ ಮೇಲಿನ ನಾಯಕನು ಒಲ್ಲೆನೆಂದವಳನ್ನು ಹಿಂಬಾಲಿಸಿ ಗೆಲ್ಲುವುದನ್ನು ಕಂಡು ಬೀದಿಯಲ್ಲಿಯೂ ಅದೇ ನಡತೆಯು ಸಲ್ಲುವುದೆಂದು ಭ್ರಮಿಸುವುದು. ಎರಡೆಡೆಯಲ್ಲಿಯೂ ದೋಷವು ರಸದ್ದಲ್ಲ. ರಂಗವನ್ನೂ ಲೋಕವನ್ನೂ ಬೇರ್ಪಡಿಸದ ಬುದ್ಧಿಯದು.

ಒಟ್ಟಿನಲ್ಲಿ ಹೇಳುವುದಾದರೆ: ವೀರಾದ್ಭುತಗಳಲ್ಲಿಯೂ ಶೃಂಗಾರಹಾಸ್ಯಗಳಲ್ಲಿಯೂ ಪ್ರೇಕ್ಷಕರ ರುಚಿಯು ಹಂಚಿಹೋಗಿರುವುದು ವಯಸ್ಸು, ಅವಸ್ಥೆ, ಸಂಸ್ಕಾರಗಳಿಂದ ಉಂಟಾದುದು, ಸ್ವಾಭಾವಿಕವಾದುದು. ಮಾಸ್, ಕ್ಲಾಸ್ ಎಂಬ ಹೆಸರುಗಳಿಂದ ಅದರಲ್ಲಿ ಉಚ್ಚನೀಚಭಾವವನ್ನು ಕಲ್ಪಿಸುವುದಕ್ಕೆ ಶಾಸ್ತ್ರದಲ್ಲಿಯಾಗಲಿ ಕನ್ನಡ ಚಿತ್ರಚರಿತ್ರೆಯಲ್ಲಿಯಾಗಲಿ ಆಧಾರವಿಲ್ಲ. ತಾರತಮ್ಯವನ್ನು ಎಣಿಸಬೇಕಾದರೆ ಆಯಾ ರಸದ ಒಳಗೆ, ಒಳ್ಳೆಯ ವೀರಚಿತ್ರಕ್ಕೂ ಕೆಟ್ಟ ವೀರಚಿತ್ರಕ್ಕೂ, ಒಳ್ಳೆಯ ಹಾಸ್ಯಕ್ಕೂ ಕೆಟ್ಟ ಹಾಸ್ಯಕ್ಕೂ ನಡುವೆ ಎಣಿಸತಕ್ಕದ್ದು. ಪ್ರೇಕ್ಷಕರಲ್ಲಿಯೂ ವಿಭಾಗವನ್ನು ಮಾಡಬೇಕಾದರೆ ಅದು ಒಂದೇ: ರಸವನ್ನು ಉಂಡು ತಣಿದು ಮನೆಗೆ ಹೋಗುವವನು, ವೇಷವನ್ನೇ ದೇವರೆಂದು ಹೊತ್ತು ಬೀದಿಗೆ ಬರುವವನು. ಮೊದಲನೆಯವನು ಯಾವ ಚಿತ್ರವನ್ನು ನೋಡಿ ಬಂದರೂ ಸಹೃದಯನೇ.