ರಕ್ತದ ಮಟ್ಟವನ್ನು ಅಳೆಯುವ ಹೃದಯ

ಜಯನಗರ, ಬನಶಂಕರಿ ಮೊದಲಾದ ಬಡಾವಣೆಗಳ ಮನೆಗಳಲ್ಲಿ ನೆಲದಡಿಯ ಸಂಪಿಗೆ ಕಾವೇರಿ ನೀರು ಬರುವಾಗ, ಅದು ತುಂಬಿ ಹೊರಚೆಲ್ಲದಂತೆ ತಡೆಯುವುದು ನೀರಿನ ಮೇಲೆ ತೇಲುವ ಒಂದು ಗುಂಡು. ನೀರಿನ ಮಟ್ಟದೊಡನೆ ಗುಂಡು ಏರುತ್ತದೆ. ಅದಕ್ಕೆ ಜೋಡಿಸಿದ ಕವಾಟ ಮುಚ್ಚಿಕೊಳ್ಳುತ್ತದೆ. ಪ್ರಾಯದ ಮನುಷ್ಯನ ದೇಹದಲ್ಲಿ ಸುಮಾರು ೫ ಲೀಟರು ರಕ್ತವಿದೆ. ನಾವು ಒಮ್ಮೆ ಬಹಳ ನೀರು ಕುಡಿಯುತ್ತೇವೆ. ಇನ್ನೊಮ್ಮೆ ಬಿಸಿಲಿನಲ್ಲಿ ಬೆವರು ಸುರಿಸುತ್ತೇವೆ. ಆದರೂ ರಕ್ತದ ಪ್ರಮಾಣವು ಹೆಚ್ಚು ಬದಲಾಗುವುದಿಲ್ಲ. ಮಿಗಿಲಾದ ನೀರನ್ನು ಹೊರಹಾಕುವವು ಮೂತ್ರಪಿಂಡಗಳು. ಆದರೆ ನೀರು ಮಿಗಿಲಾಯಿತೆಂದು ಅವುಗಳಿಗೆ ತಿಳಿಸುವ ಗುಂಡು ಎಲ್ಲಿದೆ?

ಭೌತವಿಜ್ಞಾನದ ದೃಷ್ಟಿಯಿಂದ ಈ ಪ್ರಶ್ನೆಯನ್ನು ವಿಚಾರಿಸೋಣ. ಅಪಧಮನಿಗಳ ಗೋಡೆ ದಪ್ಪ. ಅಲ್ಲಿಯ ಸರಾಸರಿ ಒತ್ತಡ ಪಾದರಸದ ಸುಮಾರು ೧೦೦ ಮಿಲಿಮೀಟರಿನಷ್ಟು. ಅಭಿಧಮನಿಗಳೂ ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳೂ ತೆಳುವಾದವು. ಅಲ್ಲಿಯ ಒತ್ತಡ ಸಾಮಾನ್ಯವಾಗಿ ೧೦ ಮಿಲಿಮೀಟರಿಗೂ ಕಡಮೆ. ದೇಹದ ರಕ್ತದಲ್ಲಿ ಹೆಚ್ಚಿನ ಪಾಲು ಇರುವುದು ಈ ಕಡಮೆ ಒತ್ತಡದ ಕಡೆಯಲ್ಲಿಯೇ. ರಕ್ತ ಸ್ವಲ್ಪ ಹೆಚ್ಚಿದರೂ ಹಿಗ್ಗುವುದು ತೆಳುಗೋಡೆ. ಆದುದರಿಂದ ಅಳತೆಯ ಸಾಧನವನ್ನಿಡಲು ಹೃತ್ಕರ್ಣಕ್ಕಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ.

ಈ ದಿಕ್ಕಿನಲ್ಲಿ ಮೊದಲ ಸುಳಿವು ೧೯೧೫ರಲ್ಲಿ ದೊರೆಯಿತು. ಅರಿವಳಿಕೆ ಕೊಟ್ಟ ನಾಯಿಗಳ ಅಭಿಧಮನಿಗೆ ಉಪ್ಪುನೀರಿನ ದ್ರಾವಣವನ್ನು ಹರಿಸಿದರೆ ಹೃದಯದ ಬಡಿತ ತೀವ್ರವಾಗುವುದೆಂದು ಬೈನ್‌ಬ್ರಿಜ್ ಎಂಬ ಆಂಗ್ಲ ವಿಜ್ಞಾನಿ ತೋರಿಸಿದನು. ಹಿಗ್ಗಿದ ಹೃದಯದಿಂದ ಮಿದುಳಿಗೆ ಸುದ್ದಿ ಹೋಗುತ್ತಿರಬೇಕು.

ಆ ಸುದ್ದಿಯನ್ನು ನರದಲ್ಲಿಯೇ ಹಿಡಿದವರಲ್ಲಿ ಭಾರತದ ಅವತಾರ್ ಸಿಂಗ್ ಪೈಂಟಲ್ ಪ್ರಮುಖರು. ಅವರು ಬೆಕ್ಕುಗಳ ವೇಗಸ್ ನರವನ್ನು ಬಹು ತೆಳುವಾದ ಎಳೆಗಳಾಗಿ ಬಿಡಿಸಿ, ಒಂದೊಂದೇ ತಂತುವಿನಲ್ಲಿ ಹರಿಯುವ ವಿದ್ಯುತ್ ಸ್ಪಂದನಗಳನ್ನು ದಾಖಲಿಸಿದರು. ಹೃತ್ಕರ್ಣದ ಗ್ರಾಹಕಗಳಲ್ಲಿ ಎರಡು ಬಗೆಗಳಿವೆಯೆಂದು ೧೯೫೩ರಲ್ಲಿ ಪ್ರಕಟಿಸಿದರು: ಒಂದು ಬಗೆ ಹೃತ್ಕರ್ಣ ಕುಗ್ಗುವಾಗ ಮಿಡಿಯುತ್ತದೆ; ಇನ್ನೊಂದು ಅದು ರಕ್ತದಿಂದ ತುಂಬುವಾಗ. ಈ ಎರಡನೆಯದೇ ನಾವು ಹುಡುಕುತ್ತಿದ್ದ ಗುಂಡನ್ನು ಹೋಲುವುದು.

ಇದರ ಸುದ್ದಿ ಮೂತ್ರಪಿಂಡಗಳಿಗೆ ಮುಟ್ಟುವುದೆ? ೧೯೫೬ರಲ್ಲಿ ಹೆನ್ರಿ, ಗಾವರ್ ಮತ್ತು ರೀವ್ಸ್ ಅವರು ಅರಿವಳಿಕೆಯಲ್ಲಿದ್ದ ನಾಯಿಗಳ ಎಡ ಹೃತ್ಕರ್ಣದೊಳಗೆ ಪುಟ್ಟ ಬಲೂನನ್ನಿಟ್ಟು ಉಬ್ಬಿಸಿದರು. ಹೊರಗಿನಿಂದ ಒಂದು ತೊಟ್ಟು ನೀರೂ ಸೇರದೆ ಮೂತ್ರದ ಹರಿವು ಹೆಚ್ಚಿತು! ಮುಂದಿನ ಪ್ರಯೋಗಗಳಲ್ಲಿ ವೇಗಸ್ ನರಗಳನ್ನು ತಂಪುಗೊಳಿಸಿ ಸುದ್ದಿಯನ್ನು ತಡೆದಾಗ ಈ ಹೆಚ್ಚಳ ಬಹುಮಟ್ಟಿಗೆ ಇಲ್ಲವಾಯಿತು.

ಸುದ್ದಿ ಸಾಗುವ ದಾರಿ ಒಂದೇ ಅಲ್ಲ. ಮಿದುಳು ನೀರನ್ನು ಉಳಿಸುವ ವಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಕಡಮೆ ಮಾಡುತ್ತದೆ; ಮೂತ್ರಪಿಂಡಕ್ಕೆ ಹೋಗುವ ನರಗಳ ಚಟುವಟಿಕೆಯನ್ನೂ ತಗ್ಗಿಸುತ್ತದೆ. ನರಗಳ ನೆರವಿಲ್ಲದ ದಾರಿಯೂ ಒಂದುಂಟು. ಇಲಿಗಳ ಹೃತ್ಕರ್ಣದ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದರೆ ಅವು ಉಪ್ಪನ್ನೂ ನೀರನ್ನೂ ಹೆಚ್ಚಾಗಿ ವಿಸರ್ಜಿಸುವುವೆಂದು ಡಿ ಬೋಲ್ಡ್ ಮತ್ತು ಸಂಗಡಿಗರು ೧೯೮೧ರಲ್ಲಿ ತಿಳಿಸಿದರು. ಹೃದಯವು ತಾನೇ ಹಾರ್ಮೋನನ್ನು ಸ್ರವಿಸುವ ಅಂಗವೆಂಬುದು ಹೀಗೆ ಹೊರಬಿದ್ದಿತು.

ಮನುಷ್ಯನಲ್ಲಿ ಬಲೂನಿನ ಅಗತ್ಯವಿಲ್ಲ, ಈಜುಕೊಳವೇ ಸಾಕು. ಕುತ್ತಿಗೆಯವರೆಗಿನ ನೀರಿನಲ್ಲಿ ನಿಂತವನ ಕಾಲುಗಳನ್ನು ನೀರು ಒತ್ತುತ್ತದೆ. ೧ ಮೀಟರು ಆಳದಲ್ಲಿ ಈ ಒತ್ತಡ ಪಾದರಸದ ಸುಮಾರು ೭೪ ಮಿಲಿಮೀಟರಿನಷ್ಟು. ಕಾಲು ಮತ್ತು ಹೊಟ್ಟೆಯ ಅಭಿಧಮನಿಗಳಿಂದ ಸುಮಾರು ೭೦೦ ಮಿಲಿಲೀಟರು ರಕ್ತ ಎದೆಯ ಕಡೆಗೆ ಸರಿಯುತ್ತದೆ, ಹೃತ್ಕರ್ಣ ಹಿಗ್ಗುತ್ತದೆ, ಮೂತ್ರ ಹೆಚ್ಚುತ್ತದೆ. ಆದರೆ ನಾಯಿಯಲ್ಲಿ ಕಂಡುದೆಲ್ಲವೂ ನಮಗೆ ಹಾಗೆಯೇ ಅನ್ವಯಿಸದು. ಮಂಗಗಳಲ್ಲಿ ಈ ನರಮಾರ್ಗದ ಪ್ರಭಾವ ನಾಯಿಗಳಲ್ಲಿರುವುದಕ್ಕಿಂತ ಬಹಳ ಕ್ಷೀಣವೆಂದು ಮುಂದೆ ಗೊತ್ತಾಯಿತು.

ಈ ವ್ಯವಸ್ಥೆ ಕೆಟ್ಟಾಗಲೇ ಅದರ ಬೆಲೆ ನಮಗೆ ತಿಳಿಯುವುದು. ಹೃದಯ ದುರ್ಬಲವಾದವರಲ್ಲಿ ಹೃತ್ಕರ್ಣವು ಹಿಗ್ಗಿಯೇ ಇರುತ್ತದೆ; ನ್ಯಾಯವಾಗಿ ಮೂತ್ರ ಹೆಚ್ಚಬೇಕು. ಆದರೆ ಆಗುವುದು ವಿಪರೀತ: ಉಪ್ಪೂ ನೀರೂ ದೇಹದಲ್ಲಿ ನಿಂತು ಪಾದಗಳು ಬಾಯುತ್ತವೆ. ಹೃದಯವೈಫಲ್ಯವಿದ್ದ ನಾಯಿಗಳಲ್ಲಿ ಈ ಗ್ರಾಹಕಗಳು ಮಂದವಾಗಿದ್ದುವೆಂದು ೧೯೭೩ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದುವು. ನಮ್ಮ ಗುಂಡು ತುಕ್ಕು ಹಿಡಿದಂತೆ! ಇತ್ತ ಅಪಧಮನಿಗಳ ಕಡೆಯಿಂದ ರಕ್ತ ಸಾಲದೆಂಬ ಸುದ್ದಿ ಹೋಗುತ್ತಿರುವುದರಿಂದ ಮೂತ್ರಪಿಂಡಗಳು ನೀರನ್ನು ಕೂಡಿಡುತ್ತವೆ. ಆದುದರಿಂದಲೇ ಇಂತಹ ರೋಗಿಗೆ ಉಪ್ಪನ್ನು ಮಿತಗೊಳಿಸಲು ಹೇಳಿ, ಮೂತ್ರವನ್ನು ಹೆಚ್ಚಿಸುವ ಔಷಧವನ್ನು ಕೊಡುವುದು. ಹಿಗ್ಗಿದ ಹೃದಯವು ಸ್ರವಿಸುವ ಇಂಥದೇ ಇನ್ನೊಂದು ಹಾರ್ಮೋನಾದ ಬಿಎನ್‌ಪಿಯನ್ನು ರಕ್ತದಲ್ಲಿ ಅಳೆದು ವೈದ್ಯರು ಹೃದಯವೈಫಲ್ಯವನ್ನು ಗುರುತಿಸುತ್ತಾರೆ. ಜಯನಗರದ ಅಂಚಿನಲ್ಲಿ, ಬನ್ನೇರುಘಟ್ಟ ರಸ್ತೆಯಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಗೆ ಬರುವ ರೋಗಿಗಳಲ್ಲಿ ಬಾತ ಪಾದಗಳನ್ನು ತೋರಿಸುವವರೂ ಉಂಟು.

ಈ ಅರಿವಿಗೆ ನಾಯಿ, ಬೆಕ್ಕು, ಇಲಿಗಳು ತಮ್ಮ ಪ್ರಾಣವನ್ನು ತೆತ್ತಿವೆ. ಭಾರತದಲ್ಲಿ ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯು ಇಂತಹ ಪ್ರಯೋಗಗಳನ್ನು ಹತೋಟಿಯಲ್ಲಿಡಲು ಅವಕಾಶ ಕಲ್ಪಿಸಿದೆ; ಪ್ರಾಣಿಗಳಿಗೆ ಅನಗತ್ಯ ನೋವಾಗದಂತೆ ನೋಡಿಕೊಳ್ಳುವುದು ಪ್ರಯೋಗಿಸುವವನ ಕರ್ತವ್ಯ. ಮನೆಯ ಹಿರಿಯರ ಪಾದ ಸಂಜೆಯಾಗುತ್ತಲೇ ಬಾತರೆ, ನಾಲ್ಕು ಹೆಜ್ಜೆಗೆ ಏದುಸಿರು ಬಂದರೆ, ಅದು ಮುಪ್ಪಿನ ಸಹಜ ಧರ್ಮವೆಂದು ಸುಮ್ಮನಿರಬಾರದು. ಕಾರಣಗಳು ಹಲವಿದ್ದರೂ ಅದು ಹೃದಯದ ಸುದ್ದಿಯೂ ಆಗಿರಬಹುದು. ವೈದ್ಯರಲ್ಲಿ ವಿಚಾರಿಸುವುದೇ ವಿವೇಕ.